ನೀಲಮ್ಮ ಮೇಡಂ ಮತ್ತು ಪ್ಯಾಕೇಜಿನ ಹೆಸರು

ಯಾರಾದರೂ ಹೆಸರು ಬದಲಿಸುವ ಮಾತೆತ್ತಿದರೆ ನೀಲಮ್ಮ ಮೇಡಂ ಕುಡಿಯುತ್ತಿದ್ದ ಚಹಾ ಕೆಳಗಿಟ್ಟು ಸೆರಗು ಬಿಗಿಯುತ್ತಿದ್ದರು. ಆಮೇಲೆ ನಮ್ಮ ಗತಿ ದೇವರಿಗೇ ಪ್ರೀತಿ.

ರಾಯಚೂರಿನಲ್ಲಿ ನಮಗೆ ಜಾವಾ ಕಲಿಸಿದವರು ಅವರು. ರೈಸ್ ಮಿಲ್ಲುಗಳ ತೂಕದ ಚೀಟಿಯನ್ನು ಕನ್ನಡದಲ್ಲಿ ಮುದ್ರಿಸುವ ಓಪನ್ ಸೋರ್ಸ್ ತಂತ್ರಾಂಶವೊಂದನ್ನು ದೇವದುರ್ಗದ ತಮ್ಮ ಮನೆಯಲ್ಲಿ ಶುರು ಮಾಡಿದ್ದರು. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಹುಟ್ಟಿದ್ದು ಆ ಊರಲ್ಲಾದ್ದರಿಂದ ಅದರ ಪ್ಯಾಕೇಜಿನ ಹೆಸರಿನಲ್ಲಿ ದೇವದುರ್ಗ ಇತ್ತು. ಪ್ಯಾಕೇಜ್ ಎಂದರೆ ಜಾವಾದಲ್ಲಿ ಮನೆತನದ ಹೆಸರಿದ್ದಂತೆ. ಮಿಲ್ಲಿನವರ ಪ್ರೋಗ್ರಾಮುಗಳೆಲ್ಲ ಆ ಹೆಸರು ಹಿಡಿದೇ ಕೂಗಬೇಕು.

ಮೇಡಂ ನಿವೃತ್ತರಾಗಿ ದೇವದುರ್ಗ ಸೇರಿದ ಮೇಲೆ ಉಸ್ತುವಾರಿ ನನ್ನ ಗೆಳೆಯ, ಮಾನ್ವಿಯ ಖಾಜಾನ ಕೈಗೆ ಬಂತು. ಅವನಿಗೆ ಊರಭಿಮಾನ ತುಸು ಜಾಸ್ತಿ.

"ದುಡಿಯಾಕತ್ತೋರು ಮಾನ್ವ್ಯಾಗ, ಹೆಸರು ದೇವದುರ್ಗದ್ದು. ಇದ್ಯಾವ ಇನ್ಸಾಫ್ರೀ ಮೇಡಂ?"

"ಕೋಡ್ ತಗೊಂಡು ಬ್ಯಾರಿ ಸಂಸಾರ ಹೂಡಿದ್ರ ನಿಂದೇ ಹೆಸರಿಡು, ನಮ್ಮ ಹೆಸರು ಹಚ್ಚಬ್ಯಾಡ. ಇದೇ ಮನಿ ನಡಸಾವಿದ್ರ ಹಳೇ ಹೆಸರು ಮುಟ್ಟಬ್ಯಾಡ. ಬದಲಿಸಲೇಬೇಕಂದ್ರ ಹಳೇ ಬಾಗಿಲಿಗೆ ಒಬ್ಬನ್ನ ಕುಂಡ್ರಿಸು, ಬಂದೋರಿಗೆ ಹೊಸ ದಾರಿ ತೋರ್ಸಾಕ."

ಖಾಜಾ ತಲೆಯಾಡಿಸಿದ, ಮಾನ್ವಿಗೆ ಹೋಗಿ ಬದಲಿಸಿಯೇಬಿಟ್ಟ, ಹಳೇ ಬಾಗಿಲಿಗೆ ಯಾರನ್ನೂ ಕೂರಿಸದೆ. ಹೊಸ ಆವೃತ್ತಿ ಹಾಕಿಕೊಂಡ ಮಿಲ್ಲುಗಳಲ್ಲೆಲ್ಲ ಚೀಟಿ ನಿಂತಿತು. ಗಬ್ಬೂರಿನಿಂದ ಬಂದ ಭತ್ತದ ಟ್ರ್ಯಾಕ್ಟರುಗಳು ರಸ್ತೆಯುದ್ದಕ್ಕೂ ನಿಂತವು. ಮಿಲ್ಲಿನವರು ಫೋನ್ ಮಾಡಿದರೆ ಮೇಡಂ ಮಹದಾನಂದದಿಂದ ಖಾಜಾನ ನಂಬರು ಹಂಚಿದರು. ಅವನ ಮಾವನಿಗೂ ಸುದ್ದಿ ಮುಟ್ಟಿಸಿದರು, ಅದರ ಅಗತ್ಯವೇನೂ ಇರಲಿಲ್ಲ.

ಸಂಜೆ ಖಾಜಾ ಜೋಲು ಮುಖ ಹೊತ್ತು ಅವರ ಮನೆಗೆ ಹೋದ. ತಮಾಷೆ ನೋಡಲು ನಾನೂ ಹೋದೆ.

"ತಪ್ಪಾತ್ರೀ. ಆದ್ರ ಒಂದು ಹೆಸರಿಗೆ ಇಷ್ಟು ಹಟ ಯಾಕ್ರೀ?"

ಮೇಡಂ ನಗು ನಿಲ್ಲಿಸಿದರು. "ನನ್ನ ತವರೂರು ಗೂಗಲ್‌ನಾಗ ನಾನು ಶಂಕ್ರವ್ವ. ಮದಿವ್ಯಾಗ ಈ ಮನಿಯವ್ರು ನೀಲಮ್ಮ ಅಂತ ಮಾಡಿದ್ರು. ನನ್ನ ಗೆಳತಿ ಬಸ್ ಹಿಡ್ದು ಇದೇ ಬಾಗಿಲಿಗೆ ಬಂದು, ಶಂಕ್ರವ್ವ ಅದಾಳೇನ್ರೀ ಅಂದ್ಲಂತ. ಆ ಹೆಸರಿನಾಕಿ ಇಲ್ಲಿಲ್ಲ ಅಂದ್ರಂತ ನಮ್ಮತ್ತಿ. ನಾ ಒಳಗ ರೊಟ್ಟಿ ಬಡಿಯಾಕತ್ತಿದ್ದೆ, ಆ ಸಪ್ಪಳದಾಗ ಕೇಳ್ಸಲೇ ಇಲ್ಲ. ಹೋದಾಕಿ ಮತ್ತ ಬರ್ಲಿಲ್ಲ."

ಖಾಜಾ ಅಲ್ಲೇ ಕೂತು ಹಳೆಯ ಹೆಸರನ್ನು ವಾಪಸು ಹಾಕಿದ.

ಮೇಡಂ ಈಗಿಲ್ಲ. ಕೊನೆಯ ಸಲ ನಾವಿಬ್ಬರೂ ನೋಡಲು ಹೋದಾಗ ಹಾಸಿಗೆ ಹಿಡಿದಿದ್ದರು, ಮಾತೂ ಕಡಿಮೆಯಾಗಿದೆ ಎಂದು ಕೇಳಿದ್ದೆವು. ಬಾಗಿಲು ತೆರೆದದ್ದು ಆಗತಾನೇ ಮನೆ ತುಂಬಿದ ಸೊಸೆ. ಖಾಜಾ ಬೇಕೆಂದೇ ಗಟ್ಟಿಯಾಗಿ ಕೇಳಿದ: "ಶಂಕ್ರವ್ವ ಅದಾರೇನ್ರೀ?"

"ಆ ಹೆಸರಿನೋರು ಇಲ್ಲಿ ಯಾರೂ ಇಲ್ರೀ."

ಒಳಕೋಣೆಯಿಂದ ಮೇಡಂ ಕೂಗಿದರು: "ಅದೀನಿ! ಅದೀನಿ! ಅವ್ರನ್ನ ಕಳಿಸಬ್ಯಾಡವ್ವಾ!"