ಚಾಚಾನ ಕೈಗೆ ಚಾವಿ

ಇವತ್ತು ಬೆಳಿಗ್ಗೆ ಗೇಟಿನಾಚೆಯಿಂದ ಎಣ್ಣೆ ಸುಟ್ಟ ಹೊಗೆಯ ವಾಸನೆ ಬಂತು. ಅಷ್ಟಕ್ಕೇ ನೆನಪಿನಲ್ಲಿ ನಾನು ಚಿಕ್ಕ ಹುಡುಗಿಯಾಗಿ ಅಪ್ಪನ ಹಳೆಯ ಮೋಟಾರ್ ಸೈಕಲ್ಲಿನ ಟ್ಯಾಂಕಿನ ಮೇಲೆ ಮತ್ತೆ ಕೂತುಬಿಟ್ಟೆ.

ಅದನ್ನು ಅಪ್ಪ ಹುಮನಾಬಾದಿನ ಟೇಲರ್ ಖಾಜಾ ಚಾಚಾನಿಂದ ಕೊಂಡಿದ್ದರು. ಚಾಚಾ ಕಟ್ಟಿದ್ದ ತಾಯತ ಹ್ಯಾಂಡಲ್ಲಿನಲ್ಲೇ ಉಳಿಯಿತು. ದಾರ ಸವೆದಾಗಲೆಲ್ಲ ಅವ್ವ ಹೊಸ ದಾರ ಹಾಕಿ ಕಟ್ಟುತ್ತಿದ್ದಳು. ನಮ್ಮೂರು ಕಲ್ಯಾಣದಿಂದ ಯಾವಾಗ ಹುಮನಾಬಾದಿಗೆ ಹೋದರೂ ಅಪ್ಪ ಆ ಅಂಗಡಿಯ ಮುಂದೆ ನಿಲ್ಲಿಸಿ, ನನ್ನನ್ನು ಕೆಳಗಿಳಿಸಿ, ಚಾವಿಯನ್ನು ಚಾಚಾನ ಕೈಗೆ ಕೊಡುತ್ತಿದ್ದರು. ಚಾಚಾ ಕೊರಳಿನ ಅಳತೆ ಟೇಪು ತೆಗೆಯದೆಯೇ ಹೊರಗೆ ಬಂದು, ಗಾಡಿಯನ್ನು ಸ್ವಲ್ಪ ಎಡಕ್ಕೆ ವಾಲಿಸಿ, ಒಂದೇ ಕಿಕ್ಕಿಗೆ ಚಾಲೂ ಮಾಡಿ, ಕಣ್ಣು ಮುಚ್ಚಿ ಇಂಜಿನ್ನಿಗೆ ಕಿವಿಗೊಡುತ್ತಿದ್ದರು.

“ಚೈನ್ ಸಡಿಲ ಆಗ್ಯಾದ, ನೋಡ್ಕೋರಿ,” ಎಂದು ಹೇಳಿ ಮತ್ತೆ ಹೊಲಿಗೆಗೆ ಕೂರುತ್ತಿದ್ದರು.

ಬಿಸಿಲಲ್ಲಿ ನಿಂತು ನಿಂತು ಒಂದು ದಿನ ನನಗೆ ಸಿಟ್ಟು ಬಂತು. “ಗಾಡಿ ನಮ್ದದ. ಚಾವಿ ಅವರಿಗ್ಯಾಕ ಕೊಡ್ತಿ?” ಎಂದೆ.

“ನಮ್ದೇ ಅದವ್ವಾ,” ಎಂದರು ಅಪ್ಪ. “ಮಾರಿದ್ರೇನಾತು, ಅದರ ಸಪ್ಪಳ ಕೇಳ್ಬೇಕು ಅನಸ್ತದ ಅವರಿಗಿ.”

ಗೇಟಿನಾಚೆಯ ಹೊಗೆಯ ವಾಸನೆ ಇನ್ನೂ ಇತ್ತು. ಎದ್ದು ಹೊರಗೆ ಬಂದೆ. ಹೋದ ತಿಂಗಳು ನಮ್ಮಿಂದ ಆ ಗಾಡಿ ಕೊಂಡ ಹುಲಸೂರಿನ ಮಾಸ್ತರರು ಏನೋ ಕೆಲಸಕ್ಕೆ ಈ ಕಡೆ ಬಂದವರು ನಮ್ಮ ಗೇಟಿನೆದುರು ಗಾಡಿ ನಿಲ್ಲಿಸಿದ್ದರು. ಹ್ಯಾಂಡಲ್ಲಿನಲ್ಲಿ ತಾಯತ ಹಾಗೇ ಇತ್ತು. ಅಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಗಾಡಿಯ ಸುತ್ತ ಎರಡು ಸಲ ಸುಳಿದಾಡಿದರು.

“ಸರ್,” ಎಂದೆ ನಾನು, “ಒಂದ್ಸಲ ಚಾವಿ ಅಪ್ಪನ ಕೈಗಿ ಕೊಡ್ರಿ.”