ಪರಸಪ್ಪನಿಗೆ ಬಂದ ಫೋನು

ಶಕುನ, ಸೂಚನೆ, ಮೈಮೇಲೆ ಬರುವುದು, ಇಂಥ ಮಾತು ಎತ್ತಿದವರ ಎದುರಿಗೇ ನಕ್ಕುಬಿಡುವ ಕೆಟ್ಟ ಚಾಳಿ ನನಗಿತ್ತು. ನಮ್ಮದು ಬೌದ್ಧ ಮನೆತನ. ವಿಚಾರ ಮಾಡದೆ ಯಾವುದನ್ನೂ ಒಪ್ಪಬೇಡ ಎಂದು ಅಪ್ಪ ಚಿಕ್ಕಂದಿನಿಂದ ತಲೆ ತಿಂದಿದ್ದರು. ಅದರ ಮೇಲೆ ನನ್ನದು ಕಂಪ್ಯೂಟರಿನ ಕೆಲಸ, ಅಲ್ಲಿ ಕಾರಣವಿಲ್ಲದೆ ಏನೂ ಆಗುವುದಿಲ್ಲ. ಹಾಗಾಗಿ ಈಗ ಬರೆಯುತ್ತಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನಂತೂ ನಂಬುತ್ತಿರಲಿಲ್ಲ. ನೀವು ನಂಬಲೇಬೇಕು ಎಂಬ ಹಟವೂ ನನಗಿಲ್ಲ.

ಹೋದ ವರ್ಷದ ಮಾತು. ಮಸ್ಕಿಯಲ್ಲಿ ಬಸುರಿ ಬಾಣಂತಿಯರ ಆರೋಗ್ಯ ನೋಡಿಕೊಳ್ಳುವ ಒಂದು ಸಣ್ಣ ಸಂಸ್ಥೆಯಿದೆ. ಊರಿಗೊಬ್ಬ ಕಾರ್ಯಕರ್ತೆ ಮನೆಮನೆಗೆ ಹೋಗಿ ವಿವರ ಬರೆದುಕೊಂಡು ಬರುತ್ತಾಳೆ. ಅದನ್ನೆಲ್ಲ ಆಫೀಸಿನ ಸರ್ವರಿನಲ್ಲಿ ಇಟ್ಟು, ಕಾರ್ಯಕರ್ತೆ ಮೊಬೈಲಿನಲ್ಲಿ ಕನ್ನಡದಲ್ಲೇ ಕೇಳಿದರೆ ಎಐ ಸಹಾಯಕ ಹುಡುಕಿ ಉತ್ತರ ಹೇಳುವಂತೆ ಮಾಡಿದ್ದೆವು. ಈ ವಾರ ಯಾರ ಮನೆಗೆ ಹೋಗಬೇಕು ಎಂದರೆ ಹೆಸರು ಹೇಳುತ್ತಿತ್ತು. ಉಳಿದಿದ್ದು ಬೀಗ ಒಂದೇ. ಒಬ್ಬೊಬ್ಬಳಿಗೂ ಅವಳ ಊರಿನ ವಿವರ ಮಾತ್ರ ಕಾಣಬೇಕು. ಅದನ್ನು ಹಾಕಲು ನಾನು ಲಿಂಗಸುಗೂರಿನಿಂದ ದಿನಾ ಬಸ್ಸಿಗೆ ಬರುತ್ತಿದ್ದೆ.

ವ್ಯವಸ್ಥೆ ಸರಳ. ಕಾರ್ಯಕರ್ತೆ ತನ್ನ ನಂಬರನ್ನೂ ಮೊಬೈಲಿಗೆ ಬಂದ ಒಟಿಪಿಯನ್ನೂ ಹಾಕುತ್ತಾಳೆ. ಸಿಂಧನೂರಿನ ಮುಖ್ಯ ಆಫೀಸಿನ ಯಂತ್ರ ಅದನ್ನು ನೋಡಿ, ಇವಳು ಇಂಥವಳು, ಇಂಥ ಊರಿನವಳು ಎಂದು ಐದು ನಿಮಿಷ ನಡೆಯುವ ಒಂದು ಚೀಟಿ ಕೊಡುತ್ತದೆ. ಮಸ್ಕಿಯ ಸರ್ವರ್ ಆ ಚೀಟಿ ಓದಿ ಬಾಗಿಲು ತೆಗೆಯಬೇಕು. ತೆಗೆಯಲಿಲ್ಲ. ಮೂರು ದಿನ ಹಟ ಹಿಡಿದು ಕೂತೆ. ಪ್ರತಿ ಸಲವೂ ‘ಅನುಮತಿ ಇಲ್ಲ’ ಎಂಬ ಒಂದೇ ಸಾಲು. ಯಾಕೆ ಇಲ್ಲ ಎಂದು ಹೇಳುವ ಸೌಜನ್ಯವೂ ಅದಕ್ಕಿರಲಿಲ್ಲ.

ನಾಲ್ಕನೇ ದಿನ ಕಾರ್ಯಕರ್ತೆಯರೆಲ್ಲ ಬಂದು ಕೂತಿದ್ದರು. ಮಧ್ಯಾಹ್ನ ಒಂದು ಗಂಟೆಗೆ ಚಾಲೂ ಮಾಡುವುದೆಂದು ನಿಗದಿಯಾಗಿತ್ತು. ಹನ್ನೆರಡೂವರೆಗೆ ಮ್ಯಾನೇಜರ್ ಸಾಹೇಬರ ತಾಳ್ಮೆ ಮುಗಿಯಿತು.

“ಬೀಗ ತಗದು ಬಿಡ್ರಿ ಮೇಡಂ. ಮುಂದ ನಿಧಾನಕ್ಕ ಹಾಕಿದ್ರಾತು” ಎಂದರು.

ಅದನ್ನು ಕೇಳಿದ್ದೇ ಪಾಮನಕಲ್ಲೂರಿನ ಕಾರ್ಯಕರ್ತೆ ಶಾಂತಮ್ಮ ತನ್ನ ರಿಜಿಸ್ಟರನ್ನು ಚೀಲಕ್ಕೆ ಹಾಕಿಕೊಂಡು ಎದ್ದು ನಿಂತಳು.

“ನಮ್ಮೂರ ಹೆಣ್ಮಕ್ಕಳು ಗಂಡಗ ಹೇಳಲಾರದ್ದು ನನಗ ಹೇಳ್ಯಾರ್ರಿ. ಕಂಡಕಂಡೋರು ಓದಂಗಿದ್ರ ನಾ ಕೊಡಂಗಿಲ್ಲ. ಹಾಕಿದ್ದನ್ನೂ ಅಳಸ್ರಿ.”

ಉಳಿದವರೂ ಚೀಲ ಎತ್ತಿಕೊಂಡರು. ಅವಳು ಹೇಳಿದ್ದು ಸರಿಯೇ ಇತ್ತು. ಬೀಗವಿಲ್ಲದೆ ತೆರೆದರೆ ಆ ಹೆಂಗಸರ ನಂಬಿಕೆ ಹೋಗುತ್ತದೆ, ತೆರೆಯದಿದ್ದರೆ ಇಷ್ಟು ದಿನದ ಕೆಲಸವೇ ಮಣ್ಣುಪಾಲಾಗುತ್ತದೆ. ಅರ್ಧ ತಾಸು ಕೊಡಿ ಎಂದು ಕೈಮುಗಿದು ಒಳಕೋಣೆಗೆ ಬಂದೆ. ನಿಜ ಹೇಳಬೇಕೆಂದರೆ ಅಳು ಬಂದಿತ್ತು.

ಆಗ ಫೋನು ಬಂತು. ಗೊತ್ತಿಲ್ಲದ ನಂಬರು. ವಯಸ್ಸಾದ ಹೆಂಗಸಿನ ದನಿ, ಅವಸರವಿಲ್ಲದ್ದು.

“ಪರಸಪ್ಪನೇನು?”

ಅಲ್ಲ, ರಾಂಗ್ ನಂಬರ್ ಎಂದೆ.

“ಇರ್ಲಿ ತಗೋ ತಂಗಿ. ಅವಗ ಹೇಳು, ಗಡ್ಯಾರ ಏಳು ನಿಮಿಷ ಮುಂದ ಹೋಗೈತಿ. ಅದಕ್ಕ ಬಂದೋರೆಲ್ಲ ಹೊರಗ ನಿಂತಾರ.”

ಇಟ್ಟುಬಿಟ್ಟಳು. ಯಾವ ಪರಸಪ್ಪನೋ ಏನೋ ಎಂದು ಬೈದುಕೊಳ್ಳುತ್ತಲೇ ಗೋಡೆಯ ಗಡಿಯಾರ ನೋಡಿದೆ, ಮೊಬೈಲ್ ನೋಡಿದೆ. ಎರಡೂ ಸರಿಯಿದ್ದವು. ಆಮೇಲೆ ಯಾಕೋ ನನ್ನ ಲ್ಯಾಪ್‌ಟಾಪಿನಿಂದ ಸರ್ವರಿಗೆ ಟೈಮ್ ಎಷ್ಟೆಂದು ಕೇಳಿದೆ. ಮೇಜಿನ ಕೆಳಗಿನ ಆ ಪೆಟ್ಟಿಗೆಗೆ ಪರದೆಯಿಲ್ಲ, ನಾವಾಗಿ ಕೇಳದೆ ಅದು ಟೈಮ್ ತೋರಿಸುವುದಿಲ್ಲ. ಮೊಬೈಲಿನಲ್ಲಿ ಹನ್ನೆರಡು ನಲವತ್ತೊಂದು. ಸರ್ವರಿನಲ್ಲಿ ಹನ್ನೆರಡು ನಲವತ್ತೆಂಟು.

ಏಳು ನಿಮಿಷ ಮುಂದೆ. ಸರ್ವರನ್ನು ಕೂಡಿಸಿದವರು ಟೈಮನ್ನು ಕೈಯಿಂದ ಇಟ್ಟು ಹಾಗೇ ಬಿಟ್ಟಿದ್ದರು. ಸಿಂಧನೂರಿನವರು ಐದು ನಿಮಿಷಕ್ಕೆಂದು ಕೊಟ್ಟ ಚೀಟಿ ಇಲ್ಲಿಗೆ ಬರುವಾಗಲೇ ಅವಧಿ ಮುಗಿದ ಚೀಟಿ. ಮೂರು ದಿನ ನಾನು ಹುಡುಕದ ಜಾಗ ಅದೊಂದೇ. ಕೂಡಲೇ ಟೈಮ್ ಸರಿಮಾಡಿದೆ.

ಮೊದಲು ಶಾಂತಮ್ಮನನ್ನೇ ಕರೆದೆ. ಒಟಿಪಿ ಹಾಕಿದಳು, ಬಾಗಿಲು ತೆರೆಯಿತು. ಪಾಮನಕಲ್ಲೂರಿನ ಹೆಸರುಗಳಷ್ಟೇ ಬಂದವು. ಅವಳು ಅಷ್ಟಕ್ಕೆ ಬಿಡುವವಳಲ್ಲ. ಮುದಗಲ್ಲಿನ ಬಸುರಿಯರ ಹೆಸರು ಹೇಳು ಎಂದು ಮೂರು ಬಗೆಯಲ್ಲಿ ತಿರುಗಿಸಿ ಕೇಳಿದಳು. ಮೂರು ಸಲವೂ ಅದು ಒಲ್ಲೆನೆಂದಿತು. ಆಗ ನಿಧಾನಕ್ಕೆ ಕೂತು ಚೀಲದಿಂದ ರಿಜಿಸ್ಟರ್ ತೆಗೆದಳು.

“ಹ್ಞಾಂ, ಈಗ ಬರಕೋರಿ. ಇನ್ನಾ ಮೂರು ಮನಿ ಅದಾವು.”

ಒಬ್ಬರ ಹಿಂದೆ ಒಬ್ಬರು ಎಲ್ಲರೂ ಒಳಗೆ ಹೋದರು. ಖುಷಿಯಲ್ಲಿ ಮ್ಯಾನೇಜರ್ ಸಾಹೇಬರೂ ತಮ್ಮ ನಂಬರು ಹಾಕಿದರು. ಅವರು ಯಾವ ಊರಿನ ಕಾರ್ಯಕರ್ತೆಯೂ ಅಲ್ಲವಲ್ಲ, ಬಾಗಿಲು ತೆಗೆಯಲಿಲ್ಲ. ಹೆಂಗಸರು ಬಿದ್ದು ಬಿದ್ದು ನಕ್ಕರು, ಕೊನೆಗೆ ಅವರೂ ನಕ್ಕರು. ನನಗೆ ಅಷ್ಟು ಸಂತೋಷ ಮೊದಲ ಸಂಬಳದ ದಿನವೂ ಆಗಿರಲಿಲ್ಲ.

ಸಂಜೆ ಬಸ್ಸಿಗೆ ಕಾಯುತ್ತ ಆ ನಂಬರಿಗೆ ಫೋನ್ ಹಚ್ಚಿದೆ. ಆ ತಾಯಿಗೆ ಒಂದು ಮಾತು ಹೇಳಬೇಕಿತ್ತು. ಎತ್ತಿದವನು ಒಬ್ಬ ಕುರಿಗಾರ, ಹಿಂದೆ ಕುರಿಗಳ ಸದ್ದು ಕೇಳುತ್ತಿತ್ತು.

“ಫೋನು ಮುಂಜಾನಿಂದ ನನ್ನ ಕಿಸೇದಾಗ ಐತ್ರಿ. ಯಾರಿಗೂ ಹಚ್ಚಿಲ್ಲ. ನಮ್ಮ ಮನ್ಯಾಗ ಹೆಣ್ಮಕ್ಕಳೇ ಇಲ್ಲ. ಗಡ್ಯಾರನೂ ಇಲ್ಲ.”

ಪರಸಪ್ಪ ಎಂಬ ಹೆಸರಿನವರೂ ಅವನಿಗೆ ಗೊತ್ತಿರಲಿಲ್ಲ. ಸುಳ್ಳು ಹೇಳುವ ದನಿಯಲ್ಲ ಅದು. ಲೈನು ಅದಲುಬದಲಾಗಿರಬಹುದು, ಕಾಕತಾಳೀಯವಿರಬಹುದು. ಆದರೆ ಸರಿಯಾಗಿ ಏಳೇ ನಿಮಿಷ ಹೇಗೆ? ನನಗೇ ಗೊತ್ತಿಲ್ಲದ್ದು ಇನ್ನೊಬ್ಬರಿಗೆ ಹೇಗೆ ಗೊತ್ತಾಯಿತು? ಅಪ್ಪ ಹೇಳಿದಂತೆ ವಿಚಾರ ಮಾಡಿ ಮಾಡಿ ಸಾಕಾಗಿದೆ.

ಬೀಗ ಇವತ್ತಿಗೂ ಗಟ್ಟಿಯಾಗಿದೆ. ಪಾಮನಕಲ್ಲೂರಿನ ಹೆಂಗಸರು ಹೇಳಿದ್ದು ಶಾಂತಮ್ಮನನ್ನು ದಾಟಿ ಹೋಗಿಲ್ಲ. ನೀನು ಯಾರು ಎಂದು ಕೇಳದೆ ನಾವು ಅಲ್ಲಿ ಒಬ್ಬರನ್ನೂ ಒಳಗೆ ಬಿಡುವುದಿಲ್ಲ. ಅವತ್ತು ಆ ಮುದುಕಿಯನ್ನು ಮಾತ್ರ ನಾನು ಕೇಳಲಿಲ್ಲ.