ಹಂಡೆಯಲ್ಲಿ ತೊಳೆದ ಪುಕ್ಕಗಳು

ಕಡಲಲ್ಲಿ ಎಣ್ಣೆ ಚೆಲ್ಲಿದಾಗ ಅದರಲ್ಲಿ ಸಿಕ್ಕ ಹಕ್ಕಿಗಳ ಪುಕ್ಕದಲ್ಲಿ ಸೀಸ, ನಿಕ್ಕಲ್, ತಾಮ್ರ ಎಷ್ಟು ಸೇರಿದೆ ಎಂದು ಅಳೆಯುವುದು ನನ್ನ ಓದು. ಕಡಲೇ ಕಾಣದ ಬಯಲುಸೀಮೆಯ ಸಗರದ ಮಗಳಿಗೆ ಕಡಲಿನ ಉಸಾಬರಿ ಯಾಕೆ ಎಂದು ನಕ್ಕವರಿದ್ದಾರೆ. ನಗಲಿ. ಆದರೆ ಎಣ್ಣೆ ಕಾಣದ ಅದೇ ಜಾತಿಯ ಹಕ್ಕಿಯ ಪುಕ್ಕ ಹೋಲಿಕೆಗೆ ಸಿಗದಿದ್ದರೆ ನನ್ನ ಅಳತೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಚಳಿಗಾಲಕ್ಕೆ ಕೆಲವು ಕಡಲಕಾಗೆಗಳು ನಮ್ಮ ಕಡೆಯ ಬೋನಾಳದ ಕೆರೆಗೂ ಬರುತ್ತವೆ. ಅಲ್ಲಿ ನನ್ನ ತಾಯಿಯ ಅಕ್ಕ, ದೊಡ್ಡವ್ವ, ಇದ್ದಳು. ಉದುರಿದ ಪುಕ್ಕ ಆರಿಸಲು ಅನುಮತಿ ಪಡೆದು ಆ ಕೆಲಸ ಅವಳಿಗೊಪ್ಪಿಸಿದೆ. ಹಕ್ಕಿಯ ಗುರುತು ಅವಳಿಗೆ ನನಗಿಂತ ಚೆನ್ನಾಗಿತ್ತು. ಕಾಲುವೆ ನೀರು ಬಂದ ಮೇಲೆ ಭತ್ತದ ನಾಟಿಯಿಂದ ಬಿಡುವೇ ಇಲ್ಲದ ಹೆಂಗಸು; ಆದರೂ ಎರಡು ತಿಂಗಳು ದಿನಾ ಕೆರೆಯ ದಂಡೆ ಸುತ್ತಿದಳು.

ನಾನು ಹೋದಾಗ ಪುಕ್ಕಗಳು ಮೊರದಲ್ಲಿ ಬೆಳ್ಳಗೆ ಮಿಂಚುತ್ತಿದ್ದವು.

“ಇಷ್ಟು ಸ್ವಚ್ಛ ಹೆಂಗ ಅದಾವ ಇವು?”

“ತೊಳದೀನವ್ವಾ. ತಾಮ್ರದ ಹಂಡೇಕ ಹುಣಸಿಹಣ್ಣ ಹಚ್ಚಿ ತಿಕ್ಕಿ, ಅದರಾಗ ನೆನಿ ಹಾಕಿದ್ದೆ. ದೊಡ್ಡ ಸಾಲಿಗಿ ಹೊಲಸ ಪುಕ್ಕ ಹೆಂಗ ಕಳಸಲಿ?”

ತಾಮ್ರ ಅಳೆಯಬೇಕಾದ ಪುಕ್ಕಕ್ಕೆ ತಾಮ್ರದ ಸ್ನಾನ! ನನ್ನ ತಲೆ ಕೆಟ್ಟಿತು. ಇನ್ನೊಂದು ವಾರಕ್ಕೆ ಹಕ್ಕಿಗಳು ಹಾರಿಹೋಗುವ ಸಮಯ. “ತೊಳಿ ಅಂತ ನಿನಗ ಯಾರ ಹೇಳಿದ್ರು? ಎಲ್ಲಾ ಹಾಳ ಮಾಡಿದಿ” ಎಂದು ಕೂಗಾಡಿದೆ. ತೊಳೆಯಬೇಡ ಎಂದು ಹೇಳದೆ ಹೋದವಳು ನಾನೇ ಎಂಬುದು ಆಗ ಹೊಳೆಯಲಿಲ್ಲ. ಅವಳು ಸೆರಗಿಗೆ ಕೈ ಒರೆಸಿಕೊಂಡು ಮೊರವನ್ನು ಒಳಗೆ ಒಯ್ದಳು.

ಮರುದಿನ ನಾನು ಏಳುವಷ್ಟರಲ್ಲಿ ದೊಡ್ಡವ್ವ ಮನೆಯಲ್ಲಿರಲಿಲ್ಲ. ನಾಟಿ ಕೆಲಸ ಬಿಟ್ಟು ಕೆರೆಗೆ ಹೋಗಿದ್ದಳು. ಮಧ್ಯಾಹ್ನ ಬಂದಾಗ ಎರಡೂ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡಿದ್ದಳು. ನಾನು ತಂದಿಟ್ಟಿದ್ದ ಲಕೋಟೆಗಳಲ್ಲಿ ಒಂದೊಂದೇ ಪುಕ್ಕ, ಕೆಸರಿನ ಸಮೇತ.

“ಮುಟ್ಟಿಲ್ಲ. ಉಫ್ ಅಂತ ಊದಿಲ್ಲ ಸೈತ” ಎಂದಳು.

ಆರು ದಿನ ಹಾಗೆಯೇ ಹೋದಳು. ಏಳನೆಯ ದಿನ ಹಕ್ಕಿಗಳಿರಲಿಲ್ಲ.

ಆ ಲಕೋಟೆಗಳಿಂದಲೇ ನನಗೆ ಪದವಿ ಬಂತು. ಅವಳ ಋಣ ತೀರಿಸುವ ದಾರಿ ಇನ್ನೂ ತಿಳಿದಿಲ್ಲ. ಹಂಡೆಯ ಪುಕ್ಕಗಳನ್ನೂ ಎಸೆಯದೆ ಯಂತ್ರಕ್ಕೆ ಕೊಟ್ಟು ನೋಡಿದ್ದೆ. ಎಣ್ಣೆಯಲ್ಲಿ ಮಿಂದ ಹಕ್ಕಿಗಳಿಗಿಂತ ಅವುಗಳಲ್ಲೇ ತಾಮ್ರ ಹೆಚ್ಚಿತ್ತು. ಊರಿಗೆ ಹೋದವಳು ಮೊದಲು ಕೂಗಾಡಿದ್ದಕ್ಕೆ ತಪ್ಪಾಯಿತೆಂದೆ, ಆಮೇಲೆ ಈ ಸುದ್ದಿ ಹೇಳಿದೆ. ದೊಡ್ಡವ್ವನ ಮುಖ ಅರಳಿತು.

“ಹಂಗಾರ ನನ್ನ ಹಂಡೆ ಖರೇನ ತಾಮ್ರದ್ದು! ಸುರಪುರದ ಅಂಗಡ್ಯಾಂವ ಮೋಸ ಮಾಡಿಲ್ಲ ನೋಡು.”

ಅಂದು ಅದೇ ಹಂಡೆಯಲ್ಲಿ ನೀರು ಕಾಯಿಸಿ ನನ್ನ ತಲೆಗೆ ಎರೆದಳು. ತೊಳಿ ಅಂತ ಯಾರ ಹೇಳಿದ್ರು ಎಂದು ಈ ಸಲ ನಾನು ಕೇಳಲಿಲ್ಲ.